ಬಗ್ಗಿದ ಜಾಗಕ್ಕೆ ಒಂದು ಗುದ್ದು ಹೆಚ್ಚು

ಮರದ ಬಿಲ್ಲು ಕೆತ್ತುತ್ತೇನೆ ಎಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, “ಯಾವ ಮರ?” ಒಳ್ಳೆಯ ಜಾತಿಯ ಕೊಂಬೆಯೊಂದನ್ನು ಬಗ್ಗಿಸಿ ಹೆದೆ ಕಟ್ಟಿದರೆ ಬಿಲ್ಲಾಯಿತು ಎಂಬ ನಂಬಿಕೆ. ತೆಂಗಿನ ಕಡ್ಡಿಗೆ ದಾರ ಬಿಗಿದು ಬಾಣ ಬಿಟ್ಟ ಬಾಲ್ಯ ಕಲಿಸಿದ ತಪ್ಪು ಪಾಠ ಇದು. ಚೆನ್ನಾಗಿ ಮಾಡಿದ ಮರದ ಬಿಲ್ಲು ಹೆದೆ ಬಿಚ್ಚಿದಾಗ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಆ ನೆಟ್ಟನೆಯ ಪಟ್ಟಿ ಹಿಡಿಯ ಮೇಲೂ ಕೆಳಗೂ ಒಂದೇ ಹದದಲ್ಲಿ ಬಾಗುವಂತೆ ಮಾಡುವುದಿದೆಯಲ್ಲ, ಕೆಲಸವೆಲ್ಲ ಅಲ್ಲಿದೆ.

ಇಂಗ್ಲಿಷಿನವರು ಇದಕ್ಕೆ ಟಿಲ್ಲರಿಂಗ್ ಎನ್ನುತ್ತಾರೆ. ಗದ್ದೆ ಉಳುವ ಟಿಲ್ಲರಿನೊಂದಿಗೆ ಗೊಂದಲ ಬೇಡವೆಂದು ನಾನು ‘ಬಾಗು ತಿದ್ದುವುದು’ ಎನ್ನುತ್ತೇನೆ. ನಿಲ್ಲಿಸಿದ ಹಲಗೆಯ ತಲೆಯ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹಲಗೆಯ ಮೈಯಲ್ಲಿ ಅಂಗುಲಕ್ಕೊಂದು ಕಚ್ಚು ಕೊರೆದು, ಹೆದೆಯನ್ನು ಒಂದೊಂದೇ ಕಚ್ಚಿಗೆ ಎಳೆದು ಸಿಕ್ಕಿಸುವುದು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವುದು. ಎಲ್ಲಿ ಬಾಗಿಲ್ಲವೋ ಅಲ್ಲಿ ಗುರುತು ಹಾಕಿ, ಬಿಲ್ಲನ್ನು ಇಳಿಸಿ, ಬಿಲ್ಲುಗಾರನ ಕಡೆಗಿರುವ ಮೈಯನ್ನು, ಅಂದರೆ ಬಿಲ್ಲಿನ ಹೊಟ್ಟೆಯನ್ನು, ಅಲ್ಲಷ್ಟೇ ಹೆರೆಯುವುದು. ಗುರಿಯ ಕಡೆಗಿರುವ ಬೆನ್ನನ್ನು ಮುಟ್ಟುವಂತಿಲ್ಲ. ಅಲ್ಲಿ ಮರದ ಒಂದೇ ವಾರ್ಷಿಕ ಉಂಗುರ ಈ ಕೊಪ್ಪಿನಿಂದ, ಅಂದರೆ ಹೆದೆ ಸಿಕ್ಕಿಸುವ ತುದಿಯಿಂದ, ಆ ಕೊಪ್ಪಿನವರೆಗೆ ಕಡಿಯದೆ ಓಡಬೇಕು. ತುಂಡಾದ ನಾರಿನ ಕೊನೆ ಸಿಕ್ಕಿದರೆ ಬಿರುಕು ಅಲ್ಲಿಂದಲೇ ಏಳುತ್ತದೆ.

ಎಷ್ಟು ಹೆರೆಯಬೇಕು ಎಂಬಲ್ಲಿ ನನ್ನ ಮೆಚ್ಚಿನ ಲೆಕ್ಕ ಬರುತ್ತದೆ. ಪಟ್ಟಿಯ ಅಗಲ ಅರ್ಧವಾದರೆ ಅದರ ಪೆಡಸೂ ಅರ್ಧವಾಗುತ್ತದೆ. ದಪ್ಪ ಅರ್ಧವಾದರೆ ಪೆಡಸು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪದ ಘನದ ಲೆಕ್ಕ ಇದು. ಸುತ್ತಳತೆ ಅರ್ಧವಾದ ಲಾಡಿನಲ್ಲಿ ತಿನ್ನಲು ಸಿಗುವುದು ಎಂಟನೆಯ ಒಂದು ಪಾಲು, ಹಾಗೆ. 20 ಮಿಲಿಮೀಟರ್ ದಪ್ಪದ ಜಾಗದಲ್ಲಿ 1 ಮಿಲಿಮೀಟರ್ ಹೆರೆದರೆ ಮರ ಹೋದದ್ದು ಶೇ. 5, ಪೆಡಸು ಹೋದದ್ದು ಶೇ. 14. ಚಿಲ್ಲರೆ ಕೊಟ್ಟೆ ಎಂದುಕೊಂಡವನ ಜೇಬಿನಿಂದ ನೋಟು ಹಾರಿರುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ತೆಳುವಾದ ಜಾಗ ಅಕ್ಕಪಕ್ಕಕ್ಕಿಂತ ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದಲ್ಲಿ ಹೊಟ್ಟೆಯ ನಾರುಗಳು ಹೆಚ್ಚು ಒತ್ತಿಕೊಂಡು ಜಜ್ಜುತ್ತವೆ, ಜಜ್ಜಿದ್ದು ಇನ್ನೂ ಮೆತ್ತಗಾಗುತ್ತದೆ, ಮೆತ್ತಗಾದದ್ದು ಮತ್ತೂ ಬಾಗುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ಕಟ್ಟಿದವನು ಬಿಲ್ಲು ಮಾಡುವವನೇ ಇರಬೇಕೆಂದು ನನಗೆ ಅನುಮಾನ. ಕೂಡುಕುಟುಂಬದಲ್ಲಿ ‘ಆಗುವುದಿಲ್ಲ’ ಎನ್ನದ ಸೊಸೆಯ ತಲೆಗೇ ಮನೆಯ ಕೆಲಸವೆಲ್ಲ ಬೀಳುತ್ತದೆ. ಉಳಿದವರು ನೆಟ್ಟಗೆ ಕುಳಿತಿರುತ್ತಾರೆ. ಅವಳಿಗೆ ಇನ್ನಷ್ಟು ಕಷಾಯ ಕುಡಿಸಿ ಪ್ರಯೋಜನವಿಲ್ಲ, ಕುಳಿತವರನ್ನು ಎಬ್ಬಿಸಬೇಕು. ಬಿಲ್ಲಿನಲ್ಲೂ ಮೆತ್ತಗಿನ ಜಾಗಕ್ಕೆ ಮರ ಅಂಟಿಸಿ ಬಲ ತುಂಬಲು ಹೋಗುವುದಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟು ಎರಡೂ ಮಗ್ಗುಲು ಹೆರೆಯಬೇಕು. ಹೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಬೇಕು. ಹೆರೆದದ್ದರ ಫಲವನ್ನು ಮರ ಕೂಡಲೇ ಪೂರ್ತಿ ತೋರಿಸುವುದಿಲ್ಲ.

ನನ್ನ ಎರಡನೆಯ ಬಿಲ್ಲಿಗೆ ನಾನು ಇದರ ತಿರುಗುಮುರುಗು ಮಾಡಿದೆ. ಹಿಡಿಯಿಂದ ನಾಲ್ಕು ಬೆರಳು ಮೇಲೆ ಸೊಗಸಾಗಿ ಬಾಗುತ್ತಿತ್ತು. ಇಲ್ಲಿ ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗಿ ಅಲ್ಲೇ ಇನ್ನಷ್ಟು ಹೆರೆದೆ. 24ನೆಯ ಅಂಗುಲಕ್ಕೆ ಬಾಗಿಲು ಬಡಿದಂಥ ಸದ್ದಾಯಿತು. ಆರಿಸಿಕೊಂಡ ತುಂಡಿನ ಹೊಟ್ಟೆಯನ್ನು ಬೆಳಕಿಗೆ ಹಿಡಿದರೆ ನಾರಿಗೆ ಅಡ್ಡವಾಗಿ ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು. ಮುರಿಯುವ ಮೊದಲೇ ಅಲ್ಲಿನ ನಾರು ಮಡಿಚಿಕೊಂಡಿತ್ತು.

ಒಣಗಿದ ಒಳ್ಳೆಯ ಮರ ನಾರಿನುದ್ದಕ್ಕೆ ಎಳೆತವನ್ನು ತಾಳುವುದು ಒತ್ತಡವನ್ನು ತಾಳುವುದರ ಸುಮಾರು ಎರಡರಷ್ಟು. ಹಾಗಾಗಿ ಮೊದಲು ಸೋಲುವುದು ಹೊಟ್ಟೆ. ಯೂರೋಪಿನ ಯೂ ಮರದಲ್ಲಿ ಇದಕ್ಕೆ ಹುಟ್ಟಿನಿಂದಲೇ ಪರಿಹಾರವಿದೆ: ತೊಗಟೆಯ ಕೆಳಗಿನ ಬಿಳಿ ಮರ ಎಳೆತಕ್ಕೆ, ಒಳಗಿನ ಕೆಂಪು ಚೇಗು ಒತ್ತಡಕ್ಕೆ. ಇಂಗ್ಲೆಂಡಿನವರು ಈ ಮರಕ್ಕೆ ಎಷ್ಟು ಹಾತೊರೆದರೆಂದರೆ, ಹಡಗಿನಲ್ಲಿ ಬರುವ ಸರಕಿನ ಜೊತೆ ಬಿಲ್ಲಿನ ಮರವನ್ನೂ ತರಲೇಬೇಕೆಂದು 1472ರಲ್ಲಿ ಕಾನೂನು ಮಾಡಿದರು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಹಡಗಿನಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಇಡಿಯಾಗಿ ಸಿಕ್ಕಿವೆ. ಎಳೆಯಲು 45ರಿಂದ 80 ಕಿಲೋ ಭಾರ ಎತ್ತುವಷ್ಟು ಬಲ ಬೇಕಿತ್ತೆಂದು ಅಂದಾಜು.

ಇಂಗ್ಲಿಷರ ಆ ಬಿಲ್ಲಿನ ಹೊಟ್ಟೆ ಉಬ್ಬಿದ್ದು, ಉಬ್ಬಿನ ನೆತ್ತಿಯ ಕೆಲವೇ ನಾರುಗಳು ಹೆಚ್ಚಿನ ಒತ್ತಡ ಹೊರುತ್ತವೆ. ಹೊಟ್ಟೆ ಚಪ್ಪಟೆಯಾದರೆ ಹೊರೆ ಹಂಚಿಹೋಗುತ್ತದೆ. ರಾಕೆಟ್ ಪ್ರವರ್ತಕ ಗೊಡಾರ್ಡ್ ಜೊತೆ ದುಡಿದಿದ್ದ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆಮೇಲೆ 1944ರಲ್ಲಿ ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಿಂದ ಎಲ್ಮ್ ಮರದ ಬಿಲ್ಲುಗಳು ಬಂದವು. ಸುಮಾರು 9000 ವರ್ಷ ಹಳೆಯವು, ಅಗಲ ತೋಳು (ಹಿಡಿಯಿಂದ ತುದಿಯವರೆಗಿನ ಭಾಗ), ಚಪ್ಪಟೆ ಹೊಟ್ಟೆ!

ಯಾವ ಮರ ಎಂಬ ಪ್ರಶ್ನೆಗೆ ಉತ್ತರ ಹೇಳದೆ ಬಿಟ್ಟರೆ ಜಂಬ ಎಂದಾರು. ಕೌಟಿಲ್ಯನ ‘ಅರ್ಥಶಾಸ್ತ್ರ’ ತಾಳೆ, ಬಿದಿರು, ಮರ, ಕೊಂಬು ನಾಲ್ಕನ್ನೂ ಪಟ್ಟಿ ಮಾಡುತ್ತದೆ; ಹೆದೆಗೆ ಎಕ್ಕದ ನಾರು, ಸೆಣಬು ಮುಂತಾದವು. ನಮ್ಮ ಕಾಡಿನ ತಡಸಲು ಮರಕ್ಕೆ ಸಂಸ್ಕೃತದಲ್ಲಿ ಧನುರ್ವೃಕ್ಷ ಎಂದೇ ಹೆಸರು. ನನ್ನ ಮೂರನೆಯ ಬಿಲ್ಲು ತಡಸಲಿನದೇ. 22ನೆಯ ಅಂಗುಲಕ್ಕೆ ಬಂದಿದೆ, ಕೆಳಗಿನ ತೋಳಿನ ತುದಿ ಇನ್ನೂ ಪೆಡಸು. ಆದರೆ ಈಗ ಮಳೆಗಾಲ. ಗಾಳಿಯ ತೇವಾಂಶ ಶೇ. 85 ಮುಟ್ಟಿದರೆ ಮರದೊಳಗಿನ ತೇವ ಶೇ. 18ಕ್ಕೆ ಏರುತ್ತದೆ, ತೇವದ ಮರ ಬೇಗ ಜಜ್ಜುತ್ತದೆ. ಬಿಲ್ಲು ಅಡುಗೆಮನೆಯ ಅಟ್ಟದಲ್ಲಿ, ಸೌದೆ ಒಲೆಯ ಮೇಲ್ಗಡೆ ಮಲಗಿದೆ. ದೀಪಾವಳಿಯವರೆಗೆ ಅದಕ್ಕೆ ಹೆದೆ ಏರಿಸುವುದಿಲ್ಲ.