ಟ್ರಿಗರ್ ಮಾಡ್ಯೂಲ್: ಒಂದು ಸಾಲದಿದ್ದಾಗ ಎರಡನೆಯದು

ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ನ ಪ್ಯಾಡ್‌ಗೆ ತನ್ನದೇ ಆದ ದನಿ ಇರುವುದಿಲ್ಲ. ರಬ್ಬರ್ ಅಥವಾ ಮೆಶ್ ಕೆಳಗೆ ನಾಣ್ಯದಷ್ಟು ಅಗಲದ ಒಂದು ತೆಳು ಪೀಜೋ ಬಿಲ್ಲೆ ಅಂಟಿಸಿರುತ್ತಾರೆ. ಕೋಲು ಬಿದ್ದರೆ ಅದು ಅದುರಿ ಒಂದಿಷ್ಟು ವೋಲ್ಟೇಜ್ ಕೊಡುತ್ತದೆ, ಅಷ್ಟೇ. ಆ ವೋಲ್ಟೇಜನ್ನು ಹಿಡಿದು, ಪೆಟ್ಟು ಎಷ್ಟು ಜೋರು ಅಂತ ಅಳೆದು, ಅದನ್ನು ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸುದ್ದಿ ಕಳಿಸುವ ಭಾಷೆ) ಲೆಕ್ಕದಲ್ಲಿ 1ರಿಂದ 127ರೊಳಗಿನ ಅಂಕಿ ಮಾಡುವ ಡಬ್ಬಿಯೇ ಟ್ರಿಗರ್ ಮಾಡ್ಯೂಲ್. ಅಲೆಸಿಸ್ ಟ್ರಿಗರ್ ಐಓ ಥರದವು ಇಷ್ಟಕ್ಕೇ ನಿಲ್ಲುತ್ತವೆ, ಸೌಂಡ್ ಬೇರೆ ಕಡೆಯಿಂದ ಬರಬೇಕು. ರೋಲ್ಯಾಂಡ್ ಟಿಎಂ-2 ಥರದವುಗಳಲ್ಲಿ ಸೌಂಡೂ ಒಳಗೇ ಇರುತ್ತದೆ.

ಹಾಗಾದರೆ ಎರಡನೆಯದು ಯಾಕೆ? ಪಿನ್ ಚುಚ್ಚೋಕೆ ಜಾಗ ಮುಗಿಯುತ್ತದೆ, ಅದಕ್ಕೆ. ಚಿಕ್ಕಬಳ್ಳಾಪುರದ ಕಡೆ ಗಣೇಶನ ಸೀಸನ್‌ನಲ್ಲಿ ಆರ್ಕೆಸ್ಟ್ರಾ ಬಾರಿಸುವವರನ್ನು ಕೇಳಿ. ಸಿನಿಮಾ ಹಾಡಿಗೆ ಕಿಕ್, ಸ್ನೇರ್, ಎರಡು ಟಾಮ್ ಸಾಕು, ಆದರೆ ಮಧ್ಯದಲ್ಲಿ ಯಾರೋ ಚೀಟಿ ಕಳಿಸಿ ಜಾನಪದ ಹಾಡು ಕೇಳ್ತಾರೆ, ಆಗ ತಮಟೆ ಬೇಕೇ ಬೇಕು. ಅದೂ ಎಲ್ಲಿ? ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರ ಜಿಲ್ಲೆಯಲ್ಲಿ. ಇಲ್ಲಿ ಸುಮ್ನೆ ಟಾಮ್ ಬಡಿದು ತಮಟೆ ಅಂದರೆ ಯಾರೂ ಒಪ್ಪಲ್ಲ. ದಪ್ಪ ಕೋಲಿನ ಪೆಟ್ಟು ಒಂದು, ಸಣ್ಣ ಕಡ್ಡಿಯ ಚುರುಕು ಪೆಟ್ಟು ಇನ್ನೊಂದು, ಅಂದರೆ ಕನಿಷ್ಠ ಎರಡು ಪ್ಯಾಡ್ ಜಾಸ್ತಿ ಬೇಕು.

ದುಡ್ಡು ಹಾಕುವ ಮೊದಲು ಒಂದು ತುದಿ ಎರಡಾಗಿ ಕವಲೊಡೆಯುವ ವೈ ಕೇಬಲ್ ತಂದು ನೋಡಿ. ಎಷ್ಟೋ ಮಾಡ್ಯೂಲ್‌ಗಳ ಟಾಮ್ ಇನ್‌ಪುಟ್ ಸ್ಟೀರಿಯೋ ಆಗಿರುತ್ತದೆ, ಪ್ಯಾಡಿನ ಮಧ್ಯಕ್ಕೊಂದು ಲೈನ್, ಅಂಚಿಗೊಂದು ಲೈನ್. ಅದನ್ನು ಎರಡು ಬಿಡಿ ಪ್ಯಾಡ್‌ಗಳಿಗೆ ಹಂಚಬಹುದು. ಒಂದೇ ಕೊರತೆ: ಕೆಲವು ಮಾಡ್ಯೂಲ್‌ಗಳಲ್ಲಿ ಎರಡನ್ನೂ ಒಟ್ಟಿಗೆ ಬಾರಿಸಿದರೆ ಒಂದು ಪೆಟ್ಟು ನುಂಗಿಹೋಗುತ್ತದೆ, ಯಾಕೆಂದರೆ ಅದರ ಪಾಲಿಗೆ ಅದಿನ್ನೂ ಒಂದೇ ಪ್ಯಾಡ್.

ಎರಡನೇ ಮಾಡ್ಯೂಲ್ ತಂದಾಯ್ತು ಅನ್ನಿ. ಸುಲಭದ ದಾರಿ, ಎರಡರ ಔಟ್‌ಪುಟ್ಟನ್ನೂ ಮಿಕ್ಸರ್‌ಗೆ ಕೊಡೋದು. ಸೌಂಡ್‌ನವರ ಹತ್ತಿರ ಲೈನ್ ಜಾಸ್ತಿ ಕೇಳಬೇಕು, ಹಾಡು ಬದಲಾದಾಗ ಎರಡರಲ್ಲೂ ಕಿಟ್ (ಅಂದರೆ ಸದ್ದುಗಳ ಸೆಟ್) ಬದಲಿಸಬೇಕು, ಆದರೂ ಸ್ಟೇಜಿಗೆ ನನ್ನ ಓಟು ಇದಕ್ಕೇ. ಇನ್ನೊಂದು ದಾರಿ, ಚಿಕ್ಕದರ ಮಿಡಿ ಔಟ್‌ನಿಂದ ದೊಡ್ಡದರ ಮಿಡಿ ಇನ್‌ಗೆ ಕೇಬಲ್ ಎಳೆದು ಸೌಂಡನ್ನೆಲ್ಲ ದೊಡ್ಡದರಿಂದಲೇ ತೆಗೆಯೋದು. ಇದರಲ್ಲಿ ಯಾವ ಸದ್ದು ಅಂತ ಹೇಳುವ ನೋಟ್ ನಂಬರ್ ಎರಡೂ ಕಡೆ ತಾಳೆ ಆಗಬೇಕು. ಜನರಲ್ ಮಿಡಿ ಅನ್ನುವ ಸಾಮಾನ್ಯ ಪಟ್ಟಿಯಲ್ಲಿ ಕಿಕ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ (ಕಾಲಿನ ಪೆಡಲ್‌ನಿಂದ ತೆರೆದು ಮುಚ್ಚುವ ಜೋಡಿ ತಾಳ) 42, ಡ್ರಮ್‌ಗೆ 10ನೇ ಚಾನೆಲ್. ತಮಟೆಗೆ ಯಾರೂ ಬಳಸದ ನಂಬರ್ ಕೊಡಿ, ಎರಡೂ ಕಡೆ ಅದೇ ಇರಲಿ. ತಡ ಆಗುತ್ತಾ ಅಂದರೆ, ಮಿಡಿ ಕೇಬಲ್‌ನಲ್ಲಿ ಒಂದು ಪೆಟ್ಟಿನ ಸುದ್ದಿ ಹೋಗೋಕೆ ಸುಮಾರು 1 ಮಿಲಿಸೆಕೆಂಡ್, ಕಿವಿಗೆ ಗೊತ್ತೇ ಆಗಲ್ಲ. ಕೊಳ್ಳುವಾಗ ದುಂಡಗಿನ 5 ಪಿನ್ ಮಿಡಿ ಇದೆಯಾ ನೋಡಿಕೊಳ್ಳಿ. ಬರೀ ಯುಎಸ್‌ಬಿ ಇರುವ ಎರಡು ಮಾಡ್ಯೂಲ್‌ಗಳನ್ನು ನೇರ ಜೋಡಿಸಿದರೆ ಕೆಲಸ ಆಗಲ್ಲ, ಮಧ್ಯೆ ಕಂಪ್ಯೂಟರ್ ಅಥವಾ ಯುಎಸ್‌ಬಿ ಹೋಸ್ಟ್ ಬೇಕು.

ಯಾವುದನ್ನು ಎಲ್ಲಿ ಚುಚ್ಚಬೇಕು ಅನ್ನೋದೂ ಮುಖ್ಯ. ಹೈ-ಹ್ಯಾಟ್ ಪ್ಯಾಡೂ ಅದರ ಪೆಡಲ್ಲೂ ಒಂದೇ ಮಾಡ್ಯೂಲ್‌ನಲ್ಲಿರಲಿ. ಪೆಡಲ್ ಎಷ್ಟು ಒತ್ತಿದೆ ಅಂತ ನೋಡಿಯೇ ಅದು ತೆರೆದ ಸದ್ದೋ ಮುಚ್ಚಿದ ಸದ್ದೋ ತೀರ್ಮಾನಿಸೋದು. ಎರಡನೆಯದಕ್ಕೆ ತಮಟೆ, ಚಪ್ಪಾಳೆ, ಕೌಬೆಲ್ ಥರದ ಒಂಟಿ ಪೆಟ್ಟಿನವನ್ನು ಕೊಡಿ.

ಜನ ತಲೆ ಕೆಡಿಸಿಕೊಳ್ಳೋದು ಕ್ರಾಸ್‌ಟಾಕ್ ವಿಷಯಕ್ಕೆ. ಕಿಕ್ ಒದ್ದರೆ ತಮಟೆಯೂ ಮೊಳಗುತ್ತದೆ! ರ‍್ಯಾಕಿನ ಕಬ್ಬಿಣದ ಮೂಲಕ ಅದುರು ಹರಿದು ಪಕ್ಕದ ಪೀಜೋ ತಟ್ಟುತ್ತದೆ. ಒಂದೇ ಮಾಡ್ಯೂಲ್ ಆಗಿದ್ದರೆ ಅದಕ್ಕೆ ಎರಡೂ ಸಿಗ್ನಲ್ ಕಾಣುತ್ತದೆ, ದೊಡ್ಡದರ ಹಿಂದೆಯೇ ಬಂದ ಚಿಕ್ಕದನ್ನು ಕ್ರಾಸ್‌ಟಾಕ್ ಕ್ಯಾನ್ಸಲ್ ತಡೆಯುತ್ತದೆ. ಮಾಡ್ಯೂಲ್ ಎರಡಾದರೆ ಕಿಕ್ ಬಿದ್ದದ್ದು ಎರಡನೆಯದಕ್ಕೆ ಗೊತ್ತೇ ಇರಲ್ಲ. ತನಗೆ ಬಂದ ಸಣ್ಣ ಅದುರನ್ನೇ ನಿಜವಾದ ಪೆಟ್ಟು ಅಂದುಕೊಳ್ಳುತ್ತದೆ. ಇಲ್ಲಿ ಕ್ಯಾನ್ಸಲ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಎರಡನೆಯದರ ಥ್ರೆಶೋಲ್ಡ್ ಏರಿಸಿ, ಅಂದರೆ ಇದಕ್ಕಿಂತ ಮೆತ್ತಗಿನ ಪೆಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಅಂತ ಹೇಳಿ. ಆದರೆ ತೀರಾ ಏರಿಸಿದರೆ ಮೆಲ್ಲಗೆ ಬಾರಿಸಿದ್ದೂ ಸತ್ತುಹೋಗುತ್ತದೆ, ಆದ್ದರಿಂದ ಆ ಪ್ಯಾಡ್‌ಗಳನ್ನು ಬೇರೆ ಸ್ಟ್ಯಾಂಡಿಗೆ ಹಾಕೋದೇ ವಾಸಿ. ಒಂದೇ ಪೆಟ್ಟಿಗೆ ಎರಡು ಸಲ ಸದ್ದು ಬಂದರೆ ಅದು ಬೇರೆ ಕಾಯಿಲೆ, ಮಾಸ್ಕ್ ಟೈಮ್, ಅಂದರೆ ಒಂದು ಪೆಟ್ಟಾದ ಮೇಲೆ ಮುಂದಿನದನ್ನು ಲೆಕ್ಕಿಸದ ಸಮಯ, ಸ್ವಲ್ಪ ಹೆಚ್ಚಿಸಿ.

ಪೆಂಡಾಲ್‌ನಲ್ಲಿ ಜನರೇಟರ್ ಮೇಲೆ ಎರಡು ಅಡಾಪ್ಟರ್ ಚುಚ್ಚಿದಾಗ ಗುಂಯ್ ಅನ್ನುವ ಹಮ್ ಬರಬಹುದು. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಿ, ಆಗಲೂ ನಿಲ್ಲದಿದ್ದರೆ ಆಡಿಯೋ ಲೈನಿನ ಗ್ರೌಂಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ಮಾಡ್ಯೂಲ್‌ಗೂ ಮಿಕ್ಸರ್‌ಗೂ ಮಧ್ಯೆ ಹಾಕುವ ಡಬ್ಬಿ) ಕೇಳಿ. ಟಿಎಂ-2 ನಾಲ್ಕು ಡಬಲ್ ಎ ಸೆಲ್ ಮೇಲೂ ಓಡುತ್ತದೆ. ಅಡಾಪ್ಟರ್ ಕಿತ್ತು ಸೆಲ್ ಹಾಕಿ ನೋಡಿ, ಗುಂಯ್ ನಿಂತರೆ ತಪ್ಪು ಕರೆಂಟಿನದು, ಕೇಬಲ್ ಬದಲಿಸಿ ಸಮಯ ಕಳೆಯಬೇಕಿಲ್ಲ.