ಶನಿವಾರ ಹೇಳಿಕೊಂಡು ಸೋಮವಾರ ಮತ್ತೆ ಮಾಡಿದರೆ?

ಓದುಗರ ಪ್ರಶ್ನೆ: ಫಾದರ್ ಹತ್ತಿರ ಹೋಗಿ ಹೇಳಿಕೊಂಡುಬಿಟ್ಟರೆ ಕ್ರೈಸ್ತರ ಪಾಪವೆಲ್ಲ ಹೋಗುತ್ತದಂತೆ. ಹಾಗಿದ್ದರೆ ಶನಿವಾರ ಹೇಳಿಕೊಂಡು ಸೋಮವಾರ ಮತ್ತೆ ಅದನ್ನೇ ಮಾಡಬಹುದಲ್ಲ? ಇಷ್ಟು ಸುಲಭವೇ?

ಉತ್ತರ: ಆಗುವುದಿಲ್ಲ. ಸೋಮವಾರದ ಯೋಚನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋದವನ ಪಾಪ ಶನಿವಾರವೂ ಹೋಗಿರುವುದಿಲ್ಲ. ಗುರುಗಳು (ಫಾದರ್) ಮಂತ್ರ ಹೇಳಿದರೂ, ಕೈ ಎತ್ತಿ ಶಿಲುಬೆಯ ಗುರುತು ಹಾಕಿದರೂ ಅಷ್ಟೇ. ಇದು ಯಾರೋ ಒಬ್ಬರ ಅಭಿಪ್ರಾಯವಲ್ಲ, ಕ್ಯಾಥೊಲಿಕ್ ಸಭೆಯ ಬೋಧನೆಯೇ ಹೀಗಿದೆ. ಪಾಪನಿವೇದನೆ ಎಂಬ ಈ ಸಂಸ್ಕಾರದಲ್ಲಿ (ಧಾರ್ಮಿಕ ವಿಧಿಯಲ್ಲಿ) ಹೇಳಿಕೊಳ್ಳುವುದು ಒಂದು ಭಾಗ ಮಾತ್ರ. ಹೊರಗಿನವರ ಕಣ್ಣಿಗೆ ಬೀಳುವುದು ಅದೊಂದೇ ಆದ್ದರಿಂದ ಇಡೀ ಸಂಸ್ಕಾರವೇ ಅದು ಎಂಬ ಗ್ರಹಿಕೆ ಬೆಳೆದಿದೆ.

ಪಾಪ ಎಂಬ ಪದದಿಂದಲೇ ಶುರು ಮಾಡಬೇಕು. ಕನ್ನಡದಲ್ಲಿ ಪಾಪ ಅಂದ ಕೂಡಲೇ ಪಕ್ಕದಲ್ಲಿ ಪುಣ್ಯ ಬಂದು ಕೂರುತ್ತದೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ, ಲೆಕ್ಕ ಬರೆಯಲು ಚಿತ್ರಗುಪ್ತ. ಕ್ರೈಸ್ತರು ಅದೇ ಪದವನ್ನು ಬಳಸಿದರೂ ಅದರೊಳಗಿನ ಅರ್ಥ ಬೇರೆ. ಬೈಬಲಿನ ಹೀಬ್ರೂ ಮತ್ತು ಗ್ರೀಕ್ ಮೂಲದಲ್ಲಿ ಪಾಪಕ್ಕೆ ಹೆಚ್ಚಾಗಿ ಬರುವ ಪದಗಳಿಗೆ ಗುರಿ ತಪ್ಪುವುದು ಎಂಬ ಅರ್ಥವೂ ಇದೆ. ನ್ಯಾಯಸ್ಥಾಪಕರು ಗ್ರಂಥದ 20ನೇ ಅಧ್ಯಾಯದಲ್ಲಿ 700 ಜನ ಎಡಚರು ಬರುತ್ತಾರೆ. ಒಂದು ಕೂದಲೆಳೆಗೆ ಗುರಿಯಿಟ್ಟರೂ ತಪ್ಪದಂತೆ ಕವಣೆಕಲ್ಲು ಬೀಸುವವರು. ಅಲ್ಲಿನ ‘ತಪ್ಪದಂತೆ’ ಎಂಬುದಕ್ಕೆ ಹೀಬ್ರೂವಿನಲ್ಲಿರುವುದು ಪಾಪ ಎಂಬ ಪದದ ಧಾತುವೇ. ನಿಜ ಹೇಳಬೇಕೆಂದರೆ ಇದಕ್ಕೆ ಸಂಸ್ಕೃತದಿಂದ ಬಂದ ‘ಪಾಪ’ಕ್ಕಿಂತ ನಮ್ಮ ‘ತಪ್ಪು’ ಹತ್ತಿರದ ಪದ. ಗುರಿ ತಪ್ಪಿತು, ದಾರಿ ತಪ್ಪಿತು, ತಪ್ಪು ಮಾಡಿದ: ಮೂರಕ್ಕೂ ಒಂದೇ ಮಾತು.

ಇಲ್ಲಿ ಗುರಿ ಎಂದರೆ ದೇವರು, ದೇವರ ಜೊತೆಗೆ ನೆರೆಯವರು. ಹಾಗಾಗಿ ಪಾಪವೆಂದರೆ ಮೊದಲು ಕೆಟ್ಟುಹೋದ ಸಂಬಂಧ, ಆಮೇಲೆ ಕೆಟ್ಟ ಕೆಲಸ. ಒಳ್ಳೆಯ ಕೆಲಸ ಮಾಡಿ ಅದನ್ನು ಸರಿದೂಗಿಸುವಂತಿಲ್ಲ. ಯಾಕೆ ಎನ್ನುವುದಕ್ಕೆ 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಒಂದು ವಾದ ಮುಂದಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಈ ತಿಂಗಳ ಬಾಡಿಗೆಯನ್ನು ಸರಿಯಾಗಿ ಕೊಟ್ಟ ಮಾತ್ರಕ್ಕೆ ಹಳೆಯ ಬಾಕಿ ತೀರಿತೇ? ಈ ತಿಂಗಳದ್ದು ಹೇಗೂ ಕೊಡಲೇಬೇಕಾಗಿದ್ದದ್ದು. ಮನುಷ್ಯ ಮಾಡುವ ಒಳ್ಳೆಯದೆಲ್ಲ ಈ ತಿಂಗಳ ಬಾಡಿಗೆ, ಹಳೆಯ ಬಾಕಿಗೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದನ್ನು ಶಿಲುಬೆಯ ಮೇಲೆ ಕ್ರಿಸ್ತರು ತೀರಿಸಿದರು ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಸಾಲದ ಹೋಲಿಕೆಯೊಂದೇ ಇರುವುದೂ ಅಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪಾಪವನ್ನು ರೋಗವೆಂದೂ ಕ್ರಿಸ್ತರನ್ನು ವೈದ್ಯನೆಂದೂ ಹೇಳುವುದೇ ಹೆಚ್ಚು. ರಕ್ಷಣೆ ಸಂಪಾದನೆಯಲ್ಲ, ಕೃಪೆ ಎಂಬಲ್ಲಿ ಎಲ್ಲರೂ ಒಂದೇ.

ಕೃಪೆಯಿಂದಲೇ ಎಲ್ಲವೂ ಆಗುವುದಾದರೆ ಪಾಪನಿವೇದನೆಗೆ ಏನು ಕೆಲಸ? ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಿರಿಯ ಮಗನನ್ನು ನೋಡಿ. ಆಸ್ತಿಯಲ್ಲಿ ತನ್ನ ಪಾಲು ಕೇಳಿ ಪಡೆದು, ಹಾಳು ಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದವನು. ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಬಂದು ಅಪ್ಪಿಕೊಳ್ಳುತ್ತಾನೆ. ಅಪ್ಪನ ಮನಸ್ಸು ಅಷ್ಟರಲ್ಲೇ ಕ್ಷಮಿಸಿಬಿಟ್ಟಿದೆ. ಆದರೂ ಮಗ ಊರ ಕಡೆ ಹೆಜ್ಜೆ ಹಾಕದಿದ್ದರೆ ಆ ಅಪ್ಪುಗೆ ಅವನಿಗೆ ಸಿಗುತ್ತಿರಲಿಲ್ಲ. ಪಾಪನಿವೇದನೆ ಎಂದರೆ ಆ ನಡಿಗೆ. ಕ್ಷಮೆಯ ಬೆಲೆ ಕಟ್ಟುವ ಕೌಂಟರ್ ಅಲ್ಲ.

ಮನುಷ್ಯನ ಹತ್ತಿರ ಯಾಕೆ, ನೇರ ದೇವರಿಗೇ ಹೇಳಬಹುದಲ್ಲ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಸತ್ತು ಮತ್ತೆ ಎದ್ದ ದಿನದ ಸಂಜೆ ಯೇಸು ಶಿಷ್ಯರಿಗೆ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆಯಾಗುತ್ತದೆ ಎಂದದ್ದನ್ನು (ಯೊವಾನ್ನ 20:23) ಕ್ಯಾಥೊಲಿಕರು ಆಧಾರವಾಗಿ ತೋರಿಸುತ್ತಾರೆ. ಗುರುಗಳದ್ದು ಸ್ವಂತ ಅಧಿಕಾರವಲ್ಲ. ಅವರೂ ಇನ್ನೊಬ್ಬ ಗುರುಗಳ ಮುಂದೆ ಮೊಣಕಾಲೂರಬೇಕು, ತಮಗೆ ತಾವೇ ಕ್ಷಮೆ ಕೊಟ್ಟುಕೊಳ್ಳುವಂತಿಲ್ಲ. ಪೋಪ್ ಕೂಡ ಇದಕ್ಕೆ ಹೊರತಲ್ಲ. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಬಸಿಲಿಕದಲ್ಲಿ ಎಲ್ಲರೆದುರೇ ಒಬ್ಬ ಸಾಮಾನ್ಯ ಗುರುಗಳ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು.

ಈಗ ಶನಿವಾರದ ವಿಷಯ. ಒಂದು ಉದಾಹರಣೆ ಹಿಡಿದು ನೋಡೋಣ. ಅಂಗಡಿಯೊಂದರ ಗಲ್ಲಾದಲ್ಲಿ ಕೂರುವ ಹುಡುಗ. ದಿನಕ್ಕೆ 200 ರೂಪಾಯಿ ಎತ್ತಿಡುತ್ತಿದ್ದ. ತಿಂಗಳಿಗೆ 25 ದಿನ, ಆರು ತಿಂಗಳು, ಒಟ್ಟು 30,000. ಇದು ಗುರುತರವಾದದ್ದೇ? ಕ್ಯಾಥೊಲಿಕ್ ಬೋಧನೆ ಪಾಪವನ್ನು ಮಾರಕ, ಲಘು ಎಂದು ಎರಡಾಗಿ ನೋಡುತ್ತದೆ. ಮಾರಕವಾಗಲು ಮೂರೂ ಷರತ್ತು ಒಟ್ಟಿಗೆ ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಎಂಬ ಅರಿವಿರಬೇಕು, ಪೂರ್ಣ ಮನಸ್ಸಿನಿಂದ ಮಾಡಿರಬೇಕು. ಒಂದು ಇಲ್ಲದಿದ್ದರೂ ಮಾರಕವಲ್ಲ. ನಮ್ಮ ಹುಡುಗನಲ್ಲಿ ಮೂರೂ ಇವೆ ಎಂದಿಟ್ಟುಕೊಳ್ಳಿ. ದಿನಕ್ಕೆ 200 ತಾನೇ ಎನ್ನುವಂತಿಲ್ಲ, ಒಂದೇ ಉದ್ದೇಶದಿಂದ ಸ್ವಲ್ಪಸ್ವಲ್ಪವೇ ಎತ್ತಿದ್ದು ಒಟ್ಟು ಮೊತ್ತವಾಗಿಯೇ ಲೆಕ್ಕಕ್ಕೆ ಬರುತ್ತದೆ.

ಹೋಗುವ ಮೊದಲು ಆತ್ಮಶೋಧನೆ. ಬೈಬಲಿನ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಕಳೆದ ಸಲದಿಂದ ಈಚೆಗಿನದನ್ನು ನೋಡಿಕೊಳ್ಳುವುದು ಸರಳ ದಾರಿ. ಹತ್ತು ಹದಿನೈದು ನಿಮಿಷ ಸಾಕು. ನಂತರ ಪಶ್ಚಾತ್ತಾಪ, ಎಲ್ಲಕ್ಕೂ ಮುಖ್ಯವಾದದ್ದು ಇದೇ. ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಪಶ್ಚಾತ್ತಾಪವಲ್ಲ. ನರಕದ ಭಯದಿಂದ, ಪಾಪದ ಹೇಸಿಗೆಯಿಂದ ಹುಟ್ಟಿದ್ದು ಅಪೂರ್ಣ ಪಶ್ಚಾತ್ತಾಪ, ಸಂಸ್ಕಾರಕ್ಕೆ ಅದು ಸಾಕು. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು ಪೂರ್ಣ ಪಶ್ಚಾತ್ತಾಪ. ಗುರುಗಳು ಸಿಗುವ ಮೊದಲೇ ಅದು ಮಾರಕ ಪಾಪವನ್ನೂ ತೊಳೆಯುತ್ತದೆ, ಅವಕಾಶ ಸಿಕ್ಕ ಕೂಡಲೇ ಪಾಪನಿವೇದನೆ ಮಾಡುತ್ತೇನೆಂಬ ನಿರ್ಧಾರ ಜೊತೆಗಿರಬೇಕು.

ಎರಡರಲ್ಲೂ ‘ಇನ್ನು ಮಾಡುವುದಿಲ್ಲ’ ಎಂಬ ಸಂಕಲ್ಪ ಸೇರಿದೆ. ಪ್ರಶ್ನೆ ಕೇಳಿದವರು ಗಮನಿಸಬೇಕಾದ ಜಾಗ ಇದು. ‘ನಾನು ದುರ್ಬಲ, ಮತ್ತೆ ಬಿದ್ದುಬಿಡುತ್ತೇನೇನೋ’ ಎಂದು ಹೆದರುವುದು ಬೇರೆ, ‘ಸೋಮವಾರ ಹೇಗೂ ಎತ್ತುತ್ತೇನೆ’ ಎಂದು ತೀರ್ಮಾನಿಸಿಕೊಂಡಿರುವುದು ಬೇರೆ. ಮೊದಲನೆಯವನ ಪಾಪ ಕ್ಷಮೆಯಾಗುತ್ತದೆ, ಮತ್ತೆ ಬಿದ್ದರೆ ಮತ್ತೆ ಬರಬಹುದು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸುವಿನಿಂದ ಸಿಕ್ಕ ಉತ್ತರ ಏಳೆಪ್ಪತ್ತು ಸಲ. ಎರಡನೆಯವನಿಗೆ ಏನೂ ಆಗುವುದಿಲ್ಲ. ಆಗುವುದಿಲ್ಲ ಮಾತ್ರವಲ್ಲ, ಸಂಸ್ಕಾರವನ್ನು ಅಪವಿತ್ರಗೊಳಿಸಿದ ಇನ್ನೊಂದು ಪಾಪ ಹೆಗಲೇರುತ್ತದೆ.

ಸಂಕಲ್ಪ ನಿಜವೋ ಅಲ್ಲವೋ ಎಂಬುದಕ್ಕೆ ಒಂದು ಪರೀಕ್ಷೆ ಇದೆ: ಬೀಳುವ ಜಾಗದಿಂದ ದೂರ ಸರಿಯಲು ಸಿದ್ಧನೇ? ಲೆಕ್ಕ ಕೇಳುವವರಿಲ್ಲದ ಗಲ್ಲಾದಲ್ಲೇ ಕೂರುತ್ತೇನೆ, ಆದರೆ ಮುಟ್ಟುವುದಿಲ್ಲ ಎನ್ನುವವನಿಗೆ ಅನುಭವಸ್ಥ ಗುರುಗಳು, ಸ್ಟಾಕ್ ನೋಡಿಕೊಳ್ಳುವ ಕೆಲಸ ಕೊಡಿ ಎಂದು ಮಾಲೀಕರನ್ನು ಕೇಳಬಾರದೇ ಎಂದಾರು.

ಹೇಳಿಕೊಳ್ಳುವ ವಿಧಾನ ಸರಳ. ಶಿಲುಬೆಯ ಗುರುತು, ಕಳೆದ ಸಲ ಪಾಪನಿವೇದನೆ ಮಾಡಿ ಎಷ್ಟು ದಿನವಾಯಿತು ಎಂಬ ಮಾತು, ಆಮೇಲೆ ಪಾಪಗಳು. ಮಾರಕ ಪಾಪಗಳನ್ನು ಯಾವ ಬಗೆಯದು, ಎಷ್ಟು ಸಲ ಎಂಬುದರೊಂದಿಗೆ ಹೇಳಬೇಕು. ‘ಕಳ್ಳತನ ಮಾಡಿದ್ದೇನೆ’ ಎಂದರೆ ಸಾಲದು. ‘ಕೆಲಸದ ಅಂಗಡಿಯಿಂದ, ನಂಬಿ ಕೂರಿಸಿದವರ ದುಡ್ಡು, ಆರು ತಿಂಗಳು ಹೆಚ್ಚುಕಡಿಮೆ ದಿನವೂ, ಸುಮಾರು 30,000’ ಎಂದರೆ ಮುಗಿಯಿತು. ಯಾರ ಅಂಗಡಿ, ಯಾವ ಬೀದಿ ಎಂಬುದು ಬೇಡ. ಲಘು ಪಾಪಗಳನ್ನು ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಹೇಳುವುದು ಒಳ್ಳೆಯದು.

ಇಲ್ಲಿ ಎಡವುವವರು ಬಹಳ. ಕೆಲವರು ಬೇರೆಯವರ ಪಾಪ ಹೇಳುತ್ತಾರೆ. ‘ನಮ್ಮತ್ತೆ ಬಾಯಿಗೆ ಬಂದಂತೆ ಬೈದರು ಫಾದರ್, ಅದಕ್ಕೇ ನನಗೆ ಸಿಟ್ಟು ಬಂತು’ ಎಂದು ಶುರುವಾಗಿ ಅತ್ತೆಯ ಪಾಪನಿವೇದನೆಯೇ ನಡೆದುಹೋಗುತ್ತದೆ. ಕೆಲವರು ಹತ್ತನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ನಲವತ್ತರಲ್ಲೂ ಒಪ್ಪಿಸುತ್ತಾರೆ: ಸುಳ್ಳು ಹೇಳಿದ್ದೇನೆ, ಸಿಟ್ಟು ಮಾಡಿಕೊಂಡಿದ್ದೇನೆ, ಪ್ರಾರ್ಥನೆ ಬಿಟ್ಟಿದ್ದೇನೆ. ಇವಕ್ಕಿಂತ ಗಂಭೀರವಾದದ್ದು ನಾಚಿಕೆಯಿಂದ ಒಂದು ಮಾರಕ ಪಾಪವನ್ನು ಬೇಕೆಂದೇ ಮುಚ್ಚಿಟ್ಟು ಉಳಿದ ಒಂಬತ್ತನ್ನು ಹೇಳುವುದು. ಒಂಬತ್ತೂ ಕ್ಷಮೆಯಾಗುವುದಿಲ್ಲ, ಇಡೀ ಪಾಪನಿವೇದನೆಯೇ ಅಸಿಂಧು. ಮರೆತುಹೋಗಿದ್ದರೆ ಮಾತ್ರ ಚಿಂತೆಯಿಲ್ಲ, ಅದೂ ಸೇರಿಯೇ ಕ್ಷಮೆಯಾಗಿರುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಇನ್ನೊಂದು ತುದಿಯಲ್ಲಿ ಅತಿ ಸಂಶಯದವರು, ಎಷ್ಟು ಹೇಳಿದರೂ ಏನೋ ಬಿಟ್ಟೆನೆಂದು ಕೊರಗುವವರು. ಮುಂದೆ ಪ್ರೊಟೆಸ್ಟೆಂಟ್ ಚಳವಳಿಗೆ ಕಾರಣರಾದ ಮಾರ್ಟಿನ್ ಲೂಥರ್ ಜರ್ಮನಿಯ ಎರ್ಫರ್ಟ್‌ನ ಮಠದಲ್ಲಿ ಸಂನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ನೆಮ್ಮದಿ ಕಾಣಲಿಲ್ಲ. ಮುಂದಿನ ಯೂರೋಪಿನ ಚರಿತ್ರೆಗೆ ಆ ಸಂಕಟದ ಪಾಲೂ ಇದೆ.

ಹುಡುಗ ಹೇಳಿ ಮುಗಿಸಿದ ಮೇಲೆ ಗುರುಗಳು ಎರಡು ಮಾತು ಹೇಳುತ್ತಾರೆ, ಪ್ರಾಯಶ್ಚಿತ್ತ ಕೊಡುತ್ತಾರೆ. ಅವನು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಾನೆ. ಗುರುಗಳು ತ್ರಿಯೇಕ ದೇವರ (ಪಿತ, ಸುತ, ಪವಿತ್ರಾತ್ಮರ) ಹೆಸರಿನಲ್ಲಿ ಪಾಪಗಳನ್ನು ಕ್ಷಮಿಸುವ ಮಾತನ್ನು ಉಚ್ಚರಿಸುತ್ತಾರೆ. ಈ ಪ್ರಾಯಶ್ಚಿತ್ತವನ್ನು ನಮ್ಮ ಕಡೆಯ ತಪ್ಪುಕಾಣಿಕೆಯೆಂದು ತಿಳಿಯಬಾರದು. ಅದು ದಂಡವಲ್ಲ, ಹಣವಂತೂ ಅಲ್ಲವೇ ಅಲ್ಲ. ಕ್ಷಮೆ ಸಿಕ್ಕ ಮೇಲೂ ಪಾಪ ಉಂಟುಮಾಡಿದ ಹಾನಿ ಉಳಿದೇ ಇರುತ್ತದೆ, ಮುರಿದ ಕಾಲಿನ ಪ್ಲಾಸ್ಟರ್ ತೆಗೆದ ಮೇಲೂ ನಡೆದು ಅಭ್ಯಾಸ ಮಾಡಬೇಕಲ್ಲ, ಹಾಗೆ. ಒಂದು ಕೀರ್ತನೆ, ಒಂದು ಉಪವಾಸ, ರೋಗಿಯೊಬ್ಬರ ಭೇಟಿ ಹೀಗೆ ಏನಾದರೂ ಇರಬಹುದು.

ಗಲ್ಲಾದ ದುಡ್ಡಿನ ಮಾತು ಇದಕ್ಕೆ ಪ್ರತ್ಯೇಕ. 30,000 ವಾಪಸ್ ಕೊಡಲೇಬೇಕು. ಕೊಡುವ ಮನಸ್ಸೇ ಇಲ್ಲದಿದ್ದರೆ ಪಶ್ಚಾತ್ತಾಪವೂ ಇಲ್ಲ ಎಂದರ್ಥ, ಕ್ಷಮೆಯೂ ಇಲ್ಲ. ಒಮ್ಮೆಗೇ ಆಗದಿದ್ದರೆ ತಿಂಗಳಿಗೆ 2,500ರಂತೆ ವರ್ಷದಲ್ಲಿ ತೀರಿಸಬಹುದು. ಹೆಸರು ಹೇಳದೆ ತಲುಪಿಸಿದರೂ ನಡೆಯುತ್ತದೆ. ಲೂಕನ 19ನೇ ಅಧ್ಯಾಯದಲ್ಲಿ ಸುಂಕವಸೂಲಿಯ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸಮಾಡಿ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಕೊಟ್ಟದ್ದರಿಂದ ಅವರು ಬಂದದ್ದಲ್ಲ.

ಗುರುಗಳು ಮಾಲೀಕರಿಗೆ ಫೋನ್ ಮಾಡುವಂತಿಲ್ಲ. ಸಭೆಯ ಕಾನೂನಿನಲ್ಲಿ ಪಾಪನಿವೇದನೆಯ ಗುಟ್ಟನ್ನು ನೇರವಾಗಿ ಬಯಲು ಮಾಡಿದ ಗುರುಗಳು ಆ ಕ್ಷಣವೇ ಬಹಿಷ್ಕೃತರು, ಯಾರೂ ತೀರ್ಪು ಕೊಡಬೇಕಾಗಿಲ್ಲ. ಕೇಳಿಸಿಕೊಂಡದ್ದನ್ನು ಅವನಿಗೆ ತೊಂದರೆಯಾಗುವಂತೆ ಬೇರೆ ರೀತಿಯಲ್ಲಿ ಬಳಸುವಂತೆಯೂ ಇಲ್ಲ. ನಾಳೆ ಚರ್ಚಿನ ಕಾಣಿಕೆ ಎಣಿಸಲು ಆ ಹುಡುಗ ಬಂದರೂ ‘ನೀನು ಬೇಡ’ ಎನ್ನಲು ಆ ಗುಟ್ಟು ಕಾರಣವಾಗಬಾರದು.

ಈ ವ್ಯವಸ್ಥೆ ಮೊದಲಿನಿಂದ ಹೀಗೇ ಇರಲಿಲ್ಲ. ಮೊದಲ ಶತಮಾನಗಳಲ್ಲಿ ಘೋರ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು, ವರ್ಷಗಟ್ಟಲೆ ಪರಮಪ್ರಸಾದದಿಂದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಿಂದ) ದೂರ, ಅದೂ ಜೀವಮಾನಕ್ಕೆ ಒಂದೇ ಸಲ. ಗುಟ್ಟಾಗಿ, ಬೇಕಾದಷ್ಟು ಸಲ ಎಂಬ ಪದ್ಧತಿಯನ್ನು ಹರಡಿದವರು ಐರ್ಲೆಂಡಿನ ಮಠವಾಸಿಗಳು. 589ರಲ್ಲಿ ಸ್ಪೇನಿನ ಟೊಲೆಡೊ ಪರಿಷತ್ತು ಪದೇಪದೇ ಕ್ಷಮೆ ಕೇಳುವ ಈ ಹೊಸ ಚಾಳಿಯನ್ನು ಖಂಡಿಸಿತ್ತು. ಅಂದರೆ ನಿಮ್ಮ ಪ್ರಶ್ನೆಗೆ 1,400 ವರ್ಷ ದಾಟಿದೆ! 1215ರ ನಾಲ್ಕನೇ ಲ್ಯಾಟರನ್ ಪರಿಷತ್ತು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಮಾಡಿತು, ಮಾರಕ ಪಾಪ ಮಾಡಿದವರಿಗೆ ಆ ನಿಯಮ ಇಂದಿಗೂ ಇದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯ ವಾರಗಳಲ್ಲಿ ಚರ್ಚುಗಳಲ್ಲಿ ಸಾಲು ಉದ್ದವಾಗುವುದು, ಮಂಗಳೂರಿನ ಕೊಂಕಣಿ ಮನೆಗಳಲ್ಲಿ ‘ಕುಮ್ಸಾರ್’ (ಪಾಪನಿವೇದನೆ) ಆಯ್ತಾ ಎಂದು ಹಿರಿಯರು ವಿಚಾರಿಸುವುದು ಇದಕ್ಕೇ.

ಪ್ರೊಟೆಸ್ಟೆಂಟರ ದಾರಿ ಬೇರೆ. 1517ರಲ್ಲಿ ಲೂಥರ್ ಎದ್ದು ನಿಂತದ್ದು ಕ್ಷಮೆಯನ್ನು ದುಡ್ಡಿಗೆ ಹತ್ತಿರ ತಂದ ದಂಡವಿನಾಯಿತಿ ಪತ್ರಗಳ ವಿರುದ್ಧ, ಪಾಪನಿವೇದನೆಯ ವಿರುದ್ಧವಲ್ಲ. ಅದನ್ನು ಅವರು ಕೊನೆಯವರೆಗೂ ಬಿಡಲಿಲ್ಲ, ಪಟ್ಟಿ ಒಪ್ಪಿಸುವ ಕಡ್ಡಾಯವನ್ನು ಬಿಟ್ಟರು. ಇಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೊಡಿಸ್ಟ್ ಸಭೆಗಳಲ್ಲಿ ಆರಾಧನೆಯ ನಡುವೆ ಎಲ್ಲರೂ ಒಟ್ಟಾಗಿ ಪಾಪ ಅರಿಕೆ ಮಾಡುತ್ತಾರೆ, ವಿವರ ದೇವರಿಗೆ ಮಾತ್ರ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನರು ಸಹಿ ಹಾಕಿದ ಜಂಟಿ ಘೋಷಣೆ, ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದ ಎಂದು ಎರಡೂ ಕಡೆಯ ಪರವಾಗಿ ಹೇಳಿತು. ಶನಿವಾರ–ಸೋಮವಾರದ ಪ್ರಶ್ನೆಗೆ ಪ್ರೊಟೆಸ್ಟೆಂಟ್ ಉತ್ತರವೂ ನಮ್ಮ ಮೇಲಿನ ಉತ್ತರಕ್ಕಿಂತ ಬೇರೆಯಲ್ಲ.

ಕ್ರೈಸ್ತರಲ್ಲದವರು ಪಾಪನಿವೇದನೆ ಮಾಡಬಹುದೇ ಎಂದು ಕೇಳುವವರೂ ಇದ್ದಾರೆ, ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ ಎಲ್ಲ ಮತದವರೂ ಹೋಗುವುದರಿಂದ ಇದು ಸಹಜ. ಗುರುಗಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬಹುದು, ಆಶೀರ್ವಾದ ಕೇಳಬಹುದು. ಸಂಸ್ಕಾರ ಮಾತ್ರ ಜ್ಞಾನಸ್ನಾನ (ಕ್ರೈಸ್ತರಾಗುವಾಗಿನ ನೀರಿನ ವಿಧಿ) ಪಡೆದವರಿಗೆ, ಯಾಕೆಂದರೆ ಪಾಪ ತೊಳೆಯುವ ಮೊದಲ ಬಾಗಿಲು ಅದು. ದೊಡ್ಡವರಾದ ಮೇಲೆ ಜ್ಞಾನಸ್ನಾನ ಪಡೆಯುವವರು ಹಿಂದಿನ ಯಾವ ಪಾಪವನ್ನೂ ಗುರುಗಳಿಗೆ ಪಟ್ಟಿಮಾಡಿ ಹೇಳಬೇಕಾಗಿಲ್ಲ, ಪಶ್ಚಾತ್ತಾಪವಿದ್ದರೆ ಎಲ್ಲವೂ ಆ ನೀರಿನಲ್ಲೇ ಹೋಯಿತು. ಗಲ್ಲಾದಿಂದ ಎತ್ತಿದ್ದಿದ್ದರೆ ಆ ದುಡ್ಡನ್ನು ಅವರೂ ವಾಪಸ್ ಕೊಡಬೇಕು.