ಥಾಯ್ ಕರಿ ತಿಂದರೆ ದಪ್ಪ ಆಗ್ತೀವಾ?

ತೂಕ ಇಳಿಸಲು ನನ್ನ ಬಳಿ ಬಂದವರು ಊಟದ ಪಟ್ಟಿ ಬರೆಸಿಕೊಳ್ಳುವಾಗ ಈಗೀಗ ಈ ಪ್ರಶ್ನೆಯನ್ನೂ ಕೇಳುತ್ತಾರೆ: 'ಮೇಡಂ, ಥಾಯ್ ಗ್ರೀನ್ ಕರಿ ತಿನ್ನಬಹುದಾ? ಪೂರ್ತಿ ಕಾಯಿಹಾಲೇ ಅಲ್ವಾ?' ತಿನ್ನಬಹುದು. ಕಾಯಿಹಾಲು ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಯಾರೂ ದಪ್ಪ ಆಗುವುದಿಲ್ಲ. ಒಬ್ಬರ ಬಟ್ಟಲಿಗೆ ಎಷ್ಟು ಬೀಳುತ್ತದೆ, ಪಕ್ಕದಲ್ಲಿ ಎಷ್ಟು ಅನ್ನ ಇರುತ್ತದೆ ಅನ್ನುವುದನ್ನು ನೋಡಬೇಕು.

ಡಬ್ಬಿಯ ಗಟ್ಟಿ ಕಾಯಿಹಾಲು 100 ಮಿಲಿ ತೆಗೆದುಕೊಂಡರೆ ಸುಮಾರು 180ರಿಂದ 200 ಕ್ಯಾಲೊರಿ, 18ರಿಂದ 20 ಗ್ರಾಂ ಕೊಬ್ಬು. 400 ಮಿಲಿ ಡಬ್ಬಿಯಲ್ಲಿ ಮಾಡಿದ ಕರಿಯನ್ನು ಇಬ್ಬರು ಹಂಚಿಕೊಂಡರೆ, ಬರೀ ಹಾಲಿನಿಂದಲೇ ತಲಾ 360 ಕ್ಯಾಲೊರಿಗೆ ಕಡಿಮೆ ಇಲ್ಲ. ಜೊತೆಗೆ 300 ಗ್ರಾಂ ಬೆಂದ ಅನ್ನ ಅಂದರೆ ಇನ್ನೂ 390. ಕೋಳಿ, ಎಣ್ಣೆ, ಸಕ್ಕರೆಯ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಆಗಾಗ ಹೀಗೆ ತಿಂದು, ಉಳಿದ ಹೊತ್ತಿನ ಊಟವನ್ನೂ ಕಡಿಮೆ ಮಾಡದಿದ್ದರೆ ತೂಕ ಏರಿಯೇ ಏರುತ್ತದೆ.

ಆದರೆ ಥಾಯ್ಲೆಂಡಿನ ಮನೆಗಳಲ್ಲಿ ಊಟದ ರೀತಿಯೇ ಬೇರೆ. ಅನ್ನದ ತಟ್ಟೆ ಒಬ್ಬೊಬ್ಬರಿಗೆ ಒಂದೊಂದು, ಮೇಲೋಗರಗಳು ಎಲ್ಲರಿಗೂ ಸೇರಿ ನಡುವೆ. ಕಾಯಿಹಾಲಿನ ಕರಿ ಅದರಲ್ಲಿ ಒಂದು. ಪಕ್ಕದಲ್ಲಿ ಹುಳಿಸಾರಿನಂಥದ್ದು, ಬೇಯಿಸಿದ ಮೀನು, ನಾಮ್ ಫ್ರಿಕ್ ಅನ್ನುವ ಖಾರದ ಮೆಣಸಿನ ಚಟ್ನಿ, ಅದಕ್ಕೆ ಅದ್ದಿಕೊಳ್ಳಲು ಹಸಿ ಸೌತೆ, ಎಲೆಕೋಸು. ಅನ್ನದ ಮೇಲೆ ಕರಿ ಎರಡು ಮೂರು ಚಮಚ ಬೀಳುತ್ತದೆ, ಅಷ್ಟೇ. ಅದೇ ಕರಿ ನಮ್ಮೂರಿನ ಹೋಟೆಲಿಗೆ ಬಂದಾಗ ಒಬ್ಬರಿಗೆ ಒಂದು ದೊಡ್ಡ ಬಟ್ಟಲು ಆಗುತ್ತದೆ. ಕೊನೆಯ ಹನಿಯವರೆಗೂ ಅನ್ನಕ್ಕೆ ಕಲಸಿಕೊಂಡು ಮುಗಿಸುತ್ತೇವೆ.

ಅಡುಗೆಯ ಕ್ರಮದಲ್ಲೂ ಒಂದು ಸೂಕ್ಷ್ಮ ಇದೆ, ಇದನ್ನು ತುಂಬ ಜನ ಗಮನಿಸುವುದಿಲ್ಲ. ಅಲ್ಲಿ ತಾಜಾ ತುರಿ ಹಿಂಡಿ ಮೊದಲ ಗಟ್ಟಿ ಹಾಲನ್ನು ಬಾಣಲೆಗೆ ಹಾಕಿ ಕುದಿಸುತ್ತಾರೆ. ನೀರು ಇಂಗಿ, ಹಾಲು ಒಡೆದು ಎಣ್ಣೆ ಬಿಡುತ್ತದೆ. ಆ ಎಣ್ಣೆಯಲ್ಲೇ ಮಸಾಲೆ ಹುರಿಯುವುದು. ಬೇರೆ ಎಣ್ಣೆ ಬೇಕಾಗುವುದಿಲ್ಲ. ಆಮೇಲೆ ತೆಳು ಹಾಲು ಸೇರುತ್ತದೆ. ಡಬ್ಬಿಯ ಹಾಲು ಒಡೆಯಬಾರದು ಎಂದು ಎಷ್ಟೋ ಕಂಪನಿಗಳು ಗ್ವಾರ್ ಗಮ್‌ನಂಥ ಪದಾರ್ಥ ಸೇರಿಸುತ್ತವೆ. ಅದು ಬಾಣಲೆಯಲ್ಲಿ ಎಷ್ಟು ಕುದಿದರೂ ಸುಲಭಕ್ಕೆ ಎಣ್ಣೆ ಬಿಡುವುದಿಲ್ಲ. ಹಾಗಾಗಿ ಅಡುಗೆಯವರು ಮೊದಲೇ ಎರಡು ಚಮಚ ಎಣ್ಣೆ ಸುರಿದು ಮಸಾಲೆ ಹುರಿಯುತ್ತಾರೆ, ಮೇಲೆ ಹಾಲು ಸುರಿಯುತ್ತಾರೆ. ಎರಡು ದೊಡ್ಡ ಚಮಚ ಎಣ್ಣೆ ಅಂದರೆ 240 ಕ್ಯಾಲೊರಿ! ಮನೆಯಲ್ಲಿ ಮಾಡುವವರು ಡಬ್ಬಿಯ ಹಿಂದಿನ ಪಟ್ಟಿ ಓದಿ, ಬರೀ ತೆಂಗು ಮತ್ತು ನೀರು ಇರುವುದನ್ನೇ ಕೊಳ್ಳಿ.

'ನಾವು ಕರಾವಳಿಯವರು, ದಿನಾ ತೆಂಗು ತಿಂತೀವಿ, ಏನೂ ಆಗಿಲ್ಲ' ಎಂದು ಕೆಲವರು ವಾದಿಸುತ್ತಾರೆ. ನಮ್ಮ ಗಸಿಗೆ ತುರಿಯನ್ನೇ ರುಬ್ಬಿ ಹಾಕುತ್ತೇವೆ, ನಾರೆಲ್ಲ ಹೊಟ್ಟೆಗೆ ಹೋಗುತ್ತದೆ. ಹಾಲು ಹಿಂಡಿದಾಗ ನಾರು ಚರಟದಲ್ಲೇ ಉಳಿಯುತ್ತದೆ, ಕೊಬ್ಬು ಮಾತ್ರ ಪಾತ್ರೆಗೆ ಬರುತ್ತದೆ. ಹೊಟ್ಟೆ ತುಂಬಿದ ಭಾವ ಬೇಗ ಬರುವುದಿಲ್ಲ, ಇನ್ನೊಂದು ಸೌಟು ಅನ್ನ ಬೇಕು ಅನ್ನಿಸುತ್ತದೆ.

ಇನ್ನು ತೆಂಗಿನ ಕೊಬ್ಬು ತೂಕ ಇಳಿಸುತ್ತದೆ ಅನ್ನುವ ವಾಟ್ಸಾಪ್ ಸಂದೇಶ. ದಯವಿಟ್ಟು ನಂಬಬೇಡಿ. ಅದಕ್ಕೆ ಆಧಾರ ಎಂದು ತೋರಿಸುವುದು ಎಂಸಿಟಿ ಎಣ್ಣೆಯ, ಅಂದರೆ ಮಧ್ಯಮ ಸರಪಳಿಯ ಕೊಬ್ಬಿನ ಅಧ್ಯಯನಗಳನ್ನು. ಅವುಗಳಲ್ಲಿ ಬಳಸಿದ್ದು ಹೆಚ್ಚಾಗಿ 8 ಮತ್ತು 10 ಇಂಗಾಲದ ಕೊಬ್ಬು. ತೆಂಗಿನಲ್ಲಿ ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ. ದೇಹ ಅದರ ಹೆಚ್ಚಿನ ಪಾಲನ್ನು ಮಾಮೂಲಿ ಕೊಬ್ಬಿನ ಹಾಗೆಯೇ ನೋಡಿಕೊಳ್ಳುತ್ತದೆ.

ಥಾಯ್ ಊಟದ ಮರುದಿನ ತೂಕದ ಯಂತ್ರ ಹತ್ತಿ ಗಾಬರಿಯಾಗುವವರೂ ಇದ್ದಾರೆ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಒಂದು ರಾತ್ರಿಯಲ್ಲಿ ಅದು ಆಗದ ಮಾತು. ಫಿಶ್ ಸಾಸ್, ಸೋಯಾ ಸಾಸ್‌ನಲ್ಲಿ ಉಪ್ಪು ವಿಪರೀತ. ಉಪ್ಪು ದೇಹದಲ್ಲಿ ನೀರು ಹಿಡಿದಿಡುತ್ತದೆ, ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ನಾನು ನಿಜವಾಗಿ ಎಚ್ಚರಿಸುವುದು ಮಾವಿನಹಣ್ಣಿನ ಜೊತೆ ಕೊಡುವ ಅಂಟು ಅಕ್ಕಿಯ ಸಿಹಿಗೆ. ಆವಿಯಲ್ಲಿ ಬೆಂದ ಅಕ್ಕಿಗೆ ಸಕ್ಕರೆ ಕರಗಿಸಿದ ಗಟ್ಟಿ ಕಾಯಿಹಾಲು ಕುಡಿಸಿ, ಮೇಲೆ ಮತ್ತೆ ಅದೇ ಹಾಲು ಸುರಿಯುತ್ತಾರೆ. ರುಚಿ ಅದ್ಭುತ. ಊಟದ ಮೇಲೆ ಅದನ್ನೂ ತಿಂದರೆ ಎರಡನೇ ಊಟ ಮಾಡಿದ ಹಾಗೆ. ತಿನ್ನಲೇಬೇಕು ಅನ್ನಿಸಿದರೆ ಆ ಹೊತ್ತು ಅನ್ನ ಬಿಡಿ, ಇಲ್ಲವೇ ಮೂವರು ಸೇರಿ ಒಂದು ತಟ್ಟೆ ಹಂಚಿಕೊಳ್ಳಿ.

ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್ ಜಾಸ್ತಿ ಇರುವವರಿಗೆ ಮಾತ್ರ ನಾನು ಇನ್ನೂ ಬಿಗಿಯಾಗಿ ಹೇಳುತ್ತೇನೆ. ತೆಂಗಿನ ಕೊಬ್ಬಿನಲ್ಲಿ ಶೇ. 85ಕ್ಕಿಂತ ಹೆಚ್ಚು ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯ ಕೊಬ್ಬು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಅದು ಶೇ. 10 ಮೀರಬಾರದು, ಅಂದರೆ 2,000 ಕ್ಯಾಲೊರಿ ತಿನ್ನುವವರಿಗೆ ಸುಮಾರು 22 ಗ್ರಾಂ. ಹೋಟೆಲಿನ ಒಂದು ಬಟ್ಟಲು ಗ್ರೀನ್ ಕರಿಯಲ್ಲೇ ಅದು ದಾಟಿರುತ್ತದೆ. ಇಂಥವರು ಕಾಯಿಹಾಲು ಇಲ್ಲದ ಥಾಯ್ ಅಡುಗೆ ಹುಡುಕಿ, ಬೇಕಾದಷ್ಟಿವೆ. ಈಶಾನ್ಯದ ಇಸಾನ್ ಪ್ರಾಂತ್ಯದ ಅಡುಗೆಯಲ್ಲಿ ಕಾಯಿಹಾಲು ಬಹಳ ಕಡಿಮೆ. ಪಪ್ಪಾಯಿಕಾಯಿಯ ಕೋಸಂಬರಿಯಂಥ ಸೋಮ್ ತಮ್, ತಿಳಿ ಸಾರಿನಂಥ ಟೋಮ್ ಯಾಮ್, ಕಾಡು ಕರಿ ಅನ್ನುವ ಗೇಂಗ್ ಪಾ, ಎಲ್ಲವೂ ಆಗುತ್ತವೆ. ಸಸ್ಯಾಹಾರಿಗಳು ಒಂದು ಮಾತು ಮೊದಲೇ ಕೇಳಿಕೊಳ್ಳಿ: ಕರಿಯ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದಿರುತ್ತಾರೆ, ಸೋಮ್ ತಮ್‌ಗೂ ಫಿಶ್ ಸಾಸ್ ಬೀಳುತ್ತದೆ.